ಒಂದೂವರೆ ಚಮಚ ತುಪ್ಪದ ಲೆಕ್ಕ: ಬೆಳ್ಳಿಯ ಲೋ ಫ್ಯಾಟ್ ಊಟದ 22 ತಿಂಗಳು

ನಮ್ಮ ಬೆಳ್ಳಿ ಸ್ಪಿಟ್ಜ್ ಜಾತಿಯವಳು. ಈಗ ಹತ್ತು ವರ್ಷ. ಕಳೆದ 22 ತಿಂಗಳಿಂದ ಅವಳ ಊಟ ಒಂದೇ, ರಾಯಲ್ ಕ್ಯಾನಿನ್ ಗ್ಯಾಸ್ಟ್ರೋಇಂಟೆಸ್ಟೈನಲ್ ಲೋ ಫ್ಯಾಟ್ ಅನ್ನೋ ಒಣ ಕಾಳು. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿ ಬದುಕಿ ಬಂದ ನಾಯಿ ಇವಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ರಾತ್ರಿ ನಾನು ಫೋನ್ ಹಿಡಿದು ಕನ್ನಡದಲ್ಲಿ ಏನಾದ್ರೂ ಸಿಗುತ್ತಾ ಅಂತ ಎರಡು ಗಂಟೆವರೆಗೂ ಹುಡುಕಿದ್ದೆ, ಏನೂ ಸಿಗಲಿಲ್ಲ. ಇವತ್ತು ಯಾರಾದ್ರೂ ಹಾಗೆ ಹುಡುಕುತ್ತಾ ಕೂತಿದ್ದರೆ ಅವರಿಗೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅಂಕ ಕೇಳಿದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಳ್ಳಿ ಚೆನ್ನಾಗಿದ್ದಾಳೆ, ಅದಕ್ಕೆ ನಾಲ್ಕು. ಒಂದು ಅಂಕ ಹಿಡಿದಿಟ್ಟಿದ್ದು ದುಡ್ಡಿಗೆ. ಅದನ್ನು ಮುಂದೆ ಹೇಳ್ತೀನಿ.

ಮೊದಲು ಏನಾಯ್ತು ಅಂತ ಹೇಳಬೇಕು. ದೀಪಾವಳಿಗೆ ಎರಡು ದಿನ ಮುಂಚೆ ಅಮ್ಮ ಬೆಣ್ಣೆ ಕಾಯಿಸಿ ತುಪ್ಪ ಮಾಡಿದ್ದರು. ದಾವಣಗೆರೆ ಮನೆಗಳಲ್ಲಿ ಬೆಣ್ಣೆಗೆ ಬರ ಇಲ್ಲ. ತುಪ್ಪ ಸೋಸಿದ ಮೇಲೆ ಬಾಣಲೆ ತಳದಲ್ಲಿ ಕೆಂಪಗೆ ಗಸಿ ಉಳಿಯುತ್ತಲ್ಲ, ಅದಕ್ಕೆ ಬಿಸಿ ಅನ್ನ ಹಾಕಿ ಕಲಸಿ, ಬಾಣಲೆ ಒರೆಸಿ, ಬೆಳ್ಳಿಗೆ ಹಾಕಿದರು. ಚಿಕ್ಕಂದಿನಲ್ಲಿ ನಮಗೂ ಹಾಗೇ ಕಲಸಿ ಕೊಡುತ್ತಿದ್ದರು. ಪ್ರೀತಿಯಿಂದಲೇ ಹಾಕಿದ್ದು. ಬೆಳ್ಳಿ ತಟ್ಟೆ ನೆಕ್ಕಿ ನೆಕ್ಕಿ ತಿಂದಳು.

ಮಾರನೇ ದಿನ ಬೆಳಿಗ್ಗೆ ವಾಂತಿ ಶುರುವಾಯಿತು. ಹಳದಿ ನೀರು. ಮಧ್ಯಾಹ್ನದ ಹೊತ್ತಿಗೆ ಐದು ಸಲ ಆಗಿತ್ತು. ನೀರು ಕುಡಿದರೂ ಹೊರಗೆ ಬರುತ್ತಿತ್ತು. ಆಮೇಲೆ ಅವಳು ನಿಂತ ರೀತಿ ನೋಡಿ ನನಗೆ ಭಯವಾಯಿತು. ಮುಂಗಾಲು, ಎದೆ ನೆಲಕ್ಕೆ ಒತ್ತಿ, ಹಿಂಭಾಗ ಮಾತ್ರ ಮೇಲೆತ್ತಿ ನಿಂತಿದ್ದಳು, ದೇವರಿಗೆ ಅಡ್ಡ ಬಿದ್ದ ಹಾಗೆ. ಎದ್ದು ಮೈ ಮುರಿಯುವಾಗಲೂ ನಾಯಿಗಳು ಹೀಗೆ ಮಾಡುತ್ತವೆ, ಆದರೆ ಎರಡು ಸೆಕೆಂಡಿಗೆ ಮುಗಿಯುತ್ತೆ. ಇವಳು ಹಾಗೇ ನಿಂತೇ ಇದ್ದಳು. ಹೊಟ್ಟೆ ಮುಟ್ಟಿದರೆ ಗುರ್ ಅಂದಳು, ಹುಟ್ಟಿದಾಗಿನಿಂದ ನನ್ನ ಮೇಲೆ ಗುರ್ ಅಂದವಳೇ ಅಲ್ಲ. ಇದು ಹೊಟ್ಟೆ ನೋವಿನ ಗುರುತು. ಇದನ್ನು ನೋಡಿದರೆ ಜೀರಿಗೆ ಕಷಾಯ, ಮಜ್ಜಿಗೆ ಅಂತ ಕಾಯಬೇಡಿ, ಆಗಲೇ ಹೊರಡಿ.

ಡಾಕ್ಟರು ರಕ್ತ ತೆಗೆದು ಪ್ಯಾಂಕ್ರಿಯಾಸ್‌ಗೆ ಅಂತಲೇ ಇರುವ ಲೈಪೇಸ್ (ಕೊಬ್ಬು ಕರಗಿಸುವ ಎನ್‌ಜೈಮ್) ಟೆಸ್ಟ್ ಕಳಿಸಿದರು. ಸ್ಪೆಕ್ ಸಿಪಿಎಲ್ ಅಂತಾರೆ. 200ರ ಒಳಗಿದ್ದರೆ ಸಹಜ, 400 ಮುಟ್ಟಿದರೆ ಪ್ಯಾಂಕ್ರಿಯಾಟೈಟಿಸ್ ಅಂತ ಹಿಡಿಯಬಹುದು, ನಡುವೆ ಇದ್ದರೆ ಅನುಮಾನ. ಬೆಳ್ಳಿಯದು 400 ದಾಟಿತ್ತು. ಸ್ಕ್ಯಾನಿಂಗ್‌ನಲ್ಲೂ ಊತ ಕಾಣಿಸಿತು. ನನಗೆ ಅರ್ಥವಾಗುವ ಹಾಗೆ ಅವರು ಹೇಳಿದ್ದು ಇಷ್ಟು: ಊಟ ಕರಗಿಸುವ ರಸ ಪ್ಯಾಂಕ್ರಿಯಾಸ್‌ನಲ್ಲಿ ತಯಾರಾಗುತ್ತೆ, ಕರುಳಿಗೆ ಬಂದ ಮೇಲೆ ಕೆಲಸ ಶುರು ಮಾಡಬೇಕು. ಈ ಕಾಯಿಲೆಯಲ್ಲಿ ಅದು ಗ್ರಂಥಿಯ ಒಳಗೇ ಕೆಲಸ ಶುರು ಮಾಡಿಬಿಡುತ್ತೆ, ಗ್ರಂಥಿಯೇ ಬೇಯತೊಡಗುತ್ತೆ. ಮೂರು ದಿನ ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ನೋವಿನ ಇಂಜೆಕ್ಷನ್. ಆ ವರ್ಷ ನಮ್ಮ ಮನೆಯಲ್ಲಿ ಒಂದು ದೀಪ ಬಿಟ್ಟರೆ ಬೇರೆ ಹಬ್ಬ ಆಗಲಿಲ್ಲ.

ಅಮ್ಮ ಎಷ್ಟು ಅತ್ತರು ಅಂದರೆ, ಡಾಕ್ಟರೇ ಕೂರಿಸಿ ಸಮಾಧಾನ ಹೇಳಿದರು. ಗಸಿ ಒಂದೇ ಕಾರಣ ಅಂತ ಖಚಿತವಾಗಿ ಹೇಳಲಾಗಲ್ಲ, ಎಷ್ಟೋ ನಾಯಿಗಳಲ್ಲಿ ಕಾರಣವೇ ಗೊತ್ತಾಗಲ್ಲ ಅಂದರು. ಆಗ ಬೆಳ್ಳಿ ಹತ್ತೂವರೆ ಕೆಜಿ ಇದ್ದಳು, ಇರಬೇಕಾಗಿದ್ದು ಎಂಟು. ತೂಕ ಜಾಸ್ತಿ ಇರುವುದೂ ಒಂದು ಕಾರಣ. ಉಪವಾಸದಲ್ಲಿ ನೋಡಿದರೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ ಇತ್ತು, ಅದೂ ಒಂದು. ಇಷ್ಟೆಲ್ಲ ಸೇರಿದ ಮೇಲೆ ತುಪ್ಪದ ಅನ್ನ ಬಂತು, ಅಷ್ಟೇ.

ಸರಿ, ಈಗ ಊಟದ ವಿಷಯ.

ಡಿಸ್ಚಾರ್ಜ್ ಚೀಟಿಯಲ್ಲಿ ಈ ಹೆಸರು ಬರೆದು, ಇನ್ನು ಮೇಲೆ ಇದೇ ಅಂದರು. ಹಿಲ್ಸ್ ಕಂಪನಿಯ ಐ/ಡಿ ಲೋ ಫ್ಯಾಟ್ ಕೂಡ ಆಗುತ್ತೆ, ಯಾವುದು ತಪ್ಪದೆ ಸಿಗುತ್ತೋ ಅದನ್ನು ಹಿಡಿಯಿರಿ ಅಂದರು. ನನಗೆ ರಾಯಲ್ ಕ್ಯಾನಿನ್ ಸಿಕ್ಕಿತು, ಅದನ್ನೇ ಹಿಡಿದೆ. ಅಕ್ಕಿ, ಗೋಧಿ, ಬಾರ್ಲಿ, ಕೋಳಿ ಪ್ರೋಟೀನ್, ಬೀಟ್ ಗೆಡ್ಡೆಯ ನಾರು, ಮೀನೆಣ್ಣೆ, ಹೀಗೆ ಇದರಲ್ಲಿ ಇರೋದು. ಕೊಬ್ಬು ಸುಮಾರು 7 ಶೇಕಡ. ಮುಂಚೆ ಹಾಕುತ್ತಿದ್ದ ಮಾಮೂಲಿ ಕಾಳಿನ ಚೀಲ ಮನೆಯಲ್ಲೇ ಇತ್ತು, ತಿರುಗಿಸಿ ನೋಡಿದೆ, 15 ಶೇಕಡ.

ನಂಬಿಕೆ ಬರಲಿ ಅಂತ ಒಂದು ಕೆಲಸ ಮಾಡಿದೆ. ಎರಡೂ ಕಾಳುಗಳನ್ನು ಒಂದೊಂದು ಹಿಡಿ ಹಳೇ ಪೇಪರ್ ಮೇಲೆ ಹರವಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಳೇ ಕಾಳಿನ ಕೆಳಗೆ ಅಕ್ಷರಗಳೆಲ್ಲ ಆಚೆ ಬದಿಗೆ ಕಾಣುವಷ್ಟು ಎಣ್ಣೆ ಕಲೆ, ಬೋಂಡಾ ಕಟ್ಟಿದ ಕಾಗದದ ಹಾಗೆ. ಹೊಸ ಕಾಳಿನ ಕೆಳಗೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಅಮ್ಮ ಆ ಪೇಪರ್ ಎತ್ತಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಆಮೇಲೆ ಲೆಕ್ಕ ಮಾಡಿದೆ. ಬೆಳ್ಳಿಗೆ ಡಾಕ್ಟರು ನಿಗದಿ ಮಾಡಿದ್ದು ದಿನಕ್ಕೆ 115 ಗ್ರಾಂ. ಅದರಲ್ಲಿ 7 ಶೇಕಡ ಅಂದರೆ ಎಂಟು ಗ್ರಾಂ ಕೊಬ್ಬು, ಇಡೀ ದಿನಕ್ಕೆ. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಐದು ಗ್ರಾಂ ಇರುತ್ತೆ. ಅಂದರೆ ಒಂದೂವರೆ ಚಮಚ ತುಪ್ಪ ಹೊಟ್ಟೆಗೆ ಹೋದರೆ, ಇಡೀ ದಿನದ ಊಟದಲ್ಲಿ ಇರುವಷ್ಟು ಕೊಬ್ಬು ಒಂದೇ ಸಲಕ್ಕೆ ಹೋದ ಹಾಗೆ. ಇಷ್ಟು ದುಡ್ಡು ಕೊಟ್ಟು ಲೋ ಫ್ಯಾಟ್ ತಂದು, ಮೇಲೆ ಒಂದು ತುಂಡು ದೋಸೆ ಹಾಕಿದರೆ ಏನು ಪ್ರಯೋಜನ? ಆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಈಗಲೂ ಇದೆ.

ಈ ಊಟ ತೆಗೆದುಕೊಳ್ಳುವವರಿಗೆ ನಾನು ಕೊಡುವ ಮೊದಲ ಸಲಹೆ, ಚೀಲದ ಜೊತೆಗೇ ಒಂದು ಅಡುಗೆ ತಕ್ಕಡಿ ತನ್ನಿ. ಸ್ವೀಟ್ ಮಾಡೋರು ಇಟ್ಟುಕೊಂಡಿರ್ತಾರಲ್ಲ, ಗ್ರಾಂ ತೋರಿಸುವ ಚಪ್ಪಟೆ ಎಲೆಕ್ಟ್ರಾನಿಕ್ ತಕ್ಕಡಿ, ಅದು. ನಾನು ಮೊದಲ ತಿಂಗಳು ಲೋಟದಲ್ಲಿ ಅಳೆದು ಹಾಕಿದೆ. ತಕ್ಕಡಿ ಬಂದ ಮೇಲೆ ನೋಡಿದರೆ ನನ್ನ ಒಂದು ಲೋಟ 38 ಗ್ರಾಂ, ಅಮ್ಮನ ಒಂದು ಲೋಟ 47 ಗ್ರಾಂ, ಅದೇ ಲೋಟ! ಮೂರು ಹೊತ್ತಿಗೆ ಸೇರಿದರೆ 27 ಗ್ರಾಂ ವ್ಯತ್ಯಾಸ. ಎಂಟು ಕೆಜಿ ನಾಯಿಗೆ ಅದು ಸಣ್ಣದಲ್ಲ. ಈಗ ಬೆಳಿಗ್ಗೆ ಒಂದೇ ಸಲ 115 ಗ್ರಾಂ ತೂಗಿ ಡಬ್ಬಿಗೆ ಹಾಕಿ ಇಡುತ್ತೇವೆ. ಆ ದಿನ ಕಾಳು ಯಾವಾಗ ಕೊಟ್ಟರೂ ಅದರಿಂದಲೇ. ಮೊದಲ ವಾರಗಳಲ್ಲಿ ನಾಲ್ಕು ಭಾಗ ಮಾಡಿ ಬಿಸಿ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡುತ್ತಿದ್ದೆವು, ಈಗ ಮೂರು ಹೊತ್ತು. ಒಂದೇ ಸಲ ಹೊಟ್ಟೆ ತುಂಬಾ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪ ಹಾಕುವುದು ಇಂಥ ನಾಯಿಗಳಿಗೆ ಒಳ್ಳೆಯದು.

ತಿಂದಳಾ? ತಿಂದಳು, ಆದರೆ ಖುಷಿಯಿಂದ ಅಲ್ಲ. ಮೊದಲ ಹತ್ತು ದಿನ ತಟ್ಟೆ ಮೂಸಿ ನನ್ನ ಮುಖ ನೋಡೋಳು. ನನಗೆ ಕರುಳು ಕಿತ್ತು ಬರುತ್ತಿತ್ತು. ಕೋಳಿ ಸಾರು ಸ್ವಲ್ಪ ಹಾಕೋಣ ಅಂತ ಅಪ್ಪ ಒತ್ತಾಯ ಮಾಡಿದರು. ಡಾಕ್ಟರಿಗೆ ಫೋನ್ ಮಾಡಿದೆ. ಚರ್ಮ ತೆಗೆದ ಎದೆ ಭಾಗದ ಕೋಳಿಯನ್ನು ಬರೀ ನೀರಲ್ಲಿ ಬೇಯಿಸಿ, ಆ ನೀರನ್ನು ಫ್ರಿಜ್‌ನಲ್ಲಿಟ್ಟು, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನೆಲ್ಲ ತೆಗೆದು, ಉಳಿದ ನೀರನ್ನು ಎರಡು ಚಮಚ ಬಿಸಿ ಮಾಡಿ ಹಾಕಿ ಅಂದರು. ಈರುಳ್ಳಿ ಬೆಳ್ಳುಳ್ಳಿ ಉಪ್ಪು ಏನೂ ಇಲ್ಲ. ಅದರಿಂದ ಕೆಲಸ ಆಯ್ತು. ಮೂರು ವಾರದಲ್ಲಿ ಸಾರಿಲ್ಲದೆಯೂ ತಿನ್ನತೊಡಗಿದಳು.

ಮಲ ಗಟ್ಟಿಯಾಗಿ, ಒಂದೇ ಬಣ್ಣದಲ್ಲಿ, ದಿನಕ್ಕೆ ಎರಡು ಸಲ ಸರಿಯಾಗಿ ಆಗುತ್ತಿದೆ. ಓದುವವರಿಗೆ ಇದು ಬೇಡದ ವಿಷಯ ಅನ್ನಿಸಬಹುದು. ಪ್ಯಾಂಕ್ರಿಯಾಟೈಟಿಸ್ ನಾಯಿ ಸಾಕಿದವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಕೂದಲು ಉದುರಬಹುದು ಅಂತ ಹೆದರಿದ್ದೆ, ಕೊಬ್ಬು ಕಡಿಮೆ ಆದರೆ ಮೈ ಒರಟಾಗುತ್ತೆ ಅಂತ ಯಾರೋ ಹೇಳಿದ್ದರು. ಬೆಳ್ಳಿಗೆ ಹಾಗೇನೂ ಆಗಿಲ್ಲ. ಹೆಸರಿಗೆ ತಕ್ಕ ಹಾಗೆ ಬೆಳ್ಳಗೇ ಇದ್ದಾಳೆ. ತೂಕ ಎಂಟು ತಿಂಗಳಲ್ಲಿ ಹತ್ತೂವರೆಯಿಂದ 8.2ಕ್ಕೆ ಬಂತು. ಪಕ್ಕೆ ಮೇಲೆ ಕೈ ಆಡಿಸಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು, ಅದು ಸರಿಯಾದ ತೂಕ ಅಂತ ಡಾಕ್ಟರು ನನ್ನ ಕೈ ಹಿಡಿದು ಮುಟ್ಟಿಸಿ ತೋರಿಸಿದ್ದರು. ಹತ್ತೂವರೆ ಕೆಜಿ ಇದ್ದಾಗ ಎಷ್ಟು ಒತ್ತಿದರೂ ಮೆತ್ತಗೆ ದಿಂಬಿನ ಹಾಗೆ ಇತ್ತು. ಈಗ ಒಂದೊಂದು ಎಲುಬೂ ಎಣಿಸಬಹುದು.

ಇನ್ನು ನಮಗೆ ಆದ ಒಂದು ಅನಾಹುತ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ.

ಒಂಬತ್ತನೇ ತಿಂಗಳಲ್ಲಿ ನಾವು ಯಾವಾಗಲೂ ತರುವ ಕಡೆ ಸ್ಟಾಕ್ ಇರಲಿಲ್ಲ. ಬೇರೆ ಒಂದು ಅಂಗಡಿಗೆ ಫೋನ್ ಮಾಡಿ ಪೂರ್ತಿ ಹೆಸರು ಹೇಳಿದೆ. ಇದೆ ಸರ್, ಕಳಿಸ್ತೀವಿ ಅಂದರು. ಚೀಲ ಬಂತು. ಅದೇ ಕಂಪನಿ, ಅದೇ ಗ್ಯಾಸ್ಟ್ರೋಇಂಟೆಸ್ಟೈನಲ್. ಬಿಚ್ಚಿ ಡಬ್ಬಿಗೆ ಸುರಿದೆವು. ಬೆಳ್ಳಿ ಎಂದೂ ಇಲ್ಲದ ಹಾಗೆ ಗಬಗಬ ತಿಂದಳು, ತಟ್ಟೆ ತಳ್ಳಾಡಿಕೊಂಡು ನೆಕ್ಕಿದಳು. ನಾವು ಖುಷಿಪಟ್ಟೆವು. ಎರಡನೇ ದಿನ ರಾತ್ರಿ ಮತ್ತೆ ಎದೆ ನೆಲಕ್ಕೆ ಒತ್ತಿ ನಿಂತಳು. ನನ್ನ ಕೈಕಾಲು ತಣ್ಣಗಾದವು. ಚೀಲ ಕಸದ ಬುಟ್ಟಿಯಿಂದ ತೆಗೆದು ನೋಡಿದರೆ ಲೋ ಫ್ಯಾಟ್ ಅನ್ನೋ ಎರಡು ಪದ ಇರಲೇ ಇಲ್ಲ. ಹಿಂದೆ ಕೊಬ್ಬಿನ ಸಾಲಿನಲ್ಲಿ ನಮ್ಮ ಲೋ ಫ್ಯಾಟ್ ಚೀಲದ ಎರಡು ಪಟ್ಟಿಗಿಂತ ಜಾಸ್ತಿ.

ಅದು ಕೆಟ್ಟ ಊಟ ಅಂತ ಹೇಳುತ್ತಿಲ್ಲ. ಕಾಯಿಲೆ ಬಂದು ತೂಕ ಇಳಿದ, ಸ್ವಲ್ಪ ತಿಂದರೂ ಶಕ್ತಿ ಬೇಕಾದ ನಾಯಿಗಳಿಗೆ ಅಂತ ಅದನ್ನು ಮಾಡಿರೋದು. ಚೀಲದ ಮೇಲೆ ಎಲ್ಲಾ ಸರಿಯಾಗಿಯೇ ಬರೆದಿತ್ತು. ಅಂಗಡಿಯವರು ನೋಡದೆ ಕಳಿಸಿದರು, ನಾವು ಓದದೆ ಸುರಿದೆವು. ರಾತ್ರಿಯೇ ಕರೆದುಕೊಂಡು ಹೋದ ಕಾರಣ ಈ ಸಲ ಅಡ್ಮಿಟ್ ಮಾಡಬೇಕಾಗಲಿಲ್ಲ, ಇಂಜೆಕ್ಷನ್ ಕೊಟ್ಟು ಎರಡು ದಿನ ದಿನಾ ಬರಲು ಹೇಳಿದರು. ಅಂಗಡಿಯವರು ಬಿಚ್ಚಿದ ಚೀಲ ವಾಪಸ್ ತಗೊಳ್ಳಲ್ಲ ಅಂದರು. ಆ ದುಡ್ಡು ಹೋಗಲಿ. ಅವತ್ತಿನಿಂದ ಚೀಲ ಬಂದ ತಕ್ಷಣ ಬಿಚ್ಚುವ ಮೊದಲು ಇಬ್ಬರು ಓದುತ್ತೇವೆ, ಮುಂದೆ ಹೆಸರು, ಹಿಂದೆ ಕೊಬ್ಬಿನ ಸಂಖ್ಯೆ. ಅಪ್ಪ ಕನ್ನಡಕ ಹಾಕಿಕೊಂಡು ಜೋರಾಗಿ ಓದುತ್ತಾರೆ, ನಾನು ಹೂಂ ಅನ್ನುತ್ತೇನೆ.

ಸಂಖ್ಯೆ ಓದುವಾಗ ಇನ್ನೊಂದು ಕಡೆ ಮೋಸ ಹೋಗುವುದಿದೆ. ಡಬ್ಬಿಯಲ್ಲಿ ಅಥವಾ ಪೌಚ್‌ನಲ್ಲಿ ಬರುವ ಹಸಿ ಊಟದ ಮೇಲೆ ಕೊಬ್ಬು 5 ಶೇಕಡ ಅಂತ ಇರುತ್ತೆ. ಅಯ್ಯೋ, ಇದು ನಮ್ಮ 7ಕ್ಕಿಂತ ಕಡಿಮೆ ಅಲ್ವಾ ಅನ್ನಿಸುತ್ತೆ. ಅಲ್ಲ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರೇ. ನೂರು ಗ್ರಾಂನಲ್ಲಿ 78 ಗ್ರಾಂ ನೀರು ಅಂತ ಇಟ್ಟುಕೊಳ್ಳಿ, ನಿಜವಾದ ಊಟ 22 ಗ್ರಾಂ, ಅದರಲ್ಲಿ 5 ಗ್ರಾಂ ಕೊಬ್ಬು. ಅಂದರೆ ಹತ್ತಿರ ಹತ್ತಿರ ಕಾಲು ಭಾಗ ಕೊಬ್ಬೇ. ನೀರು ಕಳೆದು ಲೆಕ್ಕ ಹಾಕಬೇಕು. ನನ್ನ ಸ್ನೇಹಿತನೊಬ್ಬ ತನ್ನ ಡ್ಯಾಷ್‌ಹಂಡ್‌ಗೆ ಹೀಗೇ ಪೌಚ್ ಕೊಡುತ್ತಿದ್ದ, 5 ಅಂತ ನೋಡಿ ನೆಮ್ಮದಿಯಿಂದ ಇದ್ದ. ಈ ಲೆಕ್ಕ ತೋರಿಸಿದ ಮೇಲೆ ಅವತ್ತೇ ನಿಲ್ಲಿಸಿದ.

ದುಡ್ಡಿನ ವಿಷಯ. ನಮಗೆ ಕೆಜಿಗೆ ಸಾವಿರ ರೂಪಾಯಿ ಹತ್ತಿರ ಬೀಳುತ್ತಿದೆ. ಬೆಳ್ಳಿಗೆ ತಿಂಗಳಿಗೆ ಮೂರೂವರೆ ಕೆಜಿ ಬೇಕು. ಎಂಟು ಕೆಜಿ ನಾಯಿಗೆ ಇದಾದರೆ 30 ಕೆಜಿ ಲ್ಯಾಬ್ರಡಾರ್ ಸಾಕಿದವರ ಗತಿ ಏನು? ಅವರಿಗೆ ದಿನಕ್ಕೆ ಮುನ್ನೂರು ಗ್ರಾಂ ಮೇಲೆ ಬೇಕಾಗುತ್ತೆ. ದೊಡ್ಡ ಚೀಲ ತಗೊಂಡರೆ ಕೆಜಿಗೆ ಕಡಿಮೆ ಬೀಳುತ್ತೆ, ಆದರೆ ಚಿಕ್ಕ ನಾಯಿಗೆ ದೊಡ್ಡ ಚೀಲ ಬೇಡ. ಬಿಚ್ಚಿ ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಬರುತ್ತೆ. ಮಳೆಗಾಲದಲ್ಲಂತೂ ಮೆತ್ತಗಾಗುತ್ತೆ. ನಾವು ಚೀಲದ ಸಮೇತ ದೊಡ್ಡ ಡಬ್ಬಿಯೊಳಗೆ ಇಟ್ಟು, ಇರುವೆ ಬರದ ಹಾಗೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತೇವೆ. ಬೆಂಗಳೂರಿನಿಂದ ತರಿಸುವಾಗ ಒಂದು ಚೀಲ ಯಾವಾಗಲೂ ಮುಂಗಡವಾಗಿ ಇರಲಿ. ಕೊನೇ ಹಿಡಿಗೆ ಬಂದಾಗ ಆರ್ಡರ್ ಮಾಡಿದರೆ ಆಗಲ್ಲ.

ದುಡ್ಡು ಹೊಂದಿಸಲು ಆಗದವರು ಕೈಬಿಡಬೇಕಿಲ್ಲ. ಮನೆ ಅಡುಗೆಯಲ್ಲೂ ಇದನ್ನು ಮಾಡಬಹುದು, ಡಾಕ್ಟರು ಲೆಕ್ಕ ಹಾಕಿ ಕೊಟ್ಟರೆ. ಸ್ಟಾಕ್ ಇಲ್ಲದ ಒಂದು ಸಲ ಮೂರು ವಾರ ನಾವೂ ಹಾಗೇ ಮಾಡಿದೆವು. ಮೆತ್ತಗೆ ಬೇಯಿಸಿದ ಅನ್ನ, ಚರ್ಮ ತೆಗೆದ ಕೋಳಿ ಎದೆ, ಬೇಯಿಸಿದ ಸಿಹಿಗುಂಬಳ. ಚರ್ಮ ತೆಗೆದ ಎದೆ ಮಾಂಸದಲ್ಲಿ ಕೊಬ್ಬು 3 ಶೇಕಡ ಆಸುಪಾಸು, ಮೊಟ್ಟೆಯ ಬಿಳಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಳದಿ ಭಾಗ ಬೇಡ, ಒಂದರಲ್ಲೇ ನಾಲ್ಕೂವರೆ ಗ್ರಾಂ ಕೊಬ್ಬು. ಆದರೆ ಅನ್ನ ಕೋಳಿ ಅಷ್ಟನ್ನೇ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ, ಸತು, ವಿಟಮಿನ್‌ಗಳು ಸಾಲುವುದಿಲ್ಲ. ಅದಕ್ಕೆ ಬೇರೆ ಪುಡಿ ಸೇರಿಸಬೇಕು, ಎಷ್ಟು ಅಂತ ಡಾಕ್ಟರು ಹೇಳಬೇಕು. ಪ್ರತಿ ಹೊತ್ತೂ ತೂಗಿ ಬೇಯಿಸುವ ಸಮಯ ಇದ್ದವರಿಗೆ ಇದು ಒಳ್ಳೆಯ ದಾರಿ. ನಮ್ಮ ಮನೆಯಲ್ಲಿ ಮೂರನೇ ವಾರಕ್ಕೆ ಅಮ್ಮನಿಗೆ ಸಾಕಾಗಿತ್ತು.

ನಮ್ಮ ಅಡುಗೆಮನೆಯಲ್ಲಿ ಕೊಬ್ಬು ಎಲ್ಲೆಲ್ಲಿ ಕೂತಿರುತ್ತೆ ಅಂತ ಈ ಎರಡು ವರ್ಷದಲ್ಲಿ ಗೊತ್ತಾಯಿತು. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ನಾವೋ ಪಲ್ಯ, ಚಟ್ನಿ, ಸಾರು ಎಲ್ಲದಕ್ಕೂ ಕಾಯಿ ಹಾಕುವ ಜನ. ಸುಮ್ನೆ ಒಂದು ಮೇರಿ ಬಿಸ್ಕತ್ತು ಅಂತೀವಿ, ಅದರಲ್ಲೂ 12 ಶೇಕಡ ಹತ್ತಿರ ಇದೆ. ನಂದಿನಿ ನೀಲಿ ಪ್ಯಾಕೆಟ್ ಹಾಲಿನಲ್ಲಿ 3 ಶೇಕಡ, ಕೇಳಲು ಕಡಿಮೆ, ಆದರೆ ಮೇಲೆ ಹೇಳಿದ ನೀರಿನ ಲೆಕ್ಕ ಇಲ್ಲಿಗೂ ಸೇರಿಸಿ ನೋಡಿ. ಹಾಗಾದರೆ ಬಾಯಿಗೆ ರುಚಿ ಏನು ಕೊಡೋದು? ಸೌತೆಕಾಯಿ, ಕ್ಯಾರೆಟ್, ಬೀಜ ತೆಗೆದ ಸೇಬು, ಕಾಲು ಇಡ್ಲಿ, ಚಟ್ನಿ ತಾಗದ್ದು. ದಾವಣಗೆರೆಯವಳಾದ್ದರಿಂದ ಒಗ್ಗರಣೆ ಹಾಕದ ಮಂಡಕ್ಕಿ ನಾಲ್ಕು ಕಾಳು. ಮಿರ್ಚಿ ಮಾತ್ರ ಜನ್ಮದಲ್ಲಿ ಇಲ್ಲ. ಇವೆಲ್ಲ ಸೇರಿ ದಿನದ ಊಟದ ಹತ್ತನೇ ಒಂದು ಭಾಗ ಮೀರಬಾರದು ಅಂತ ಡಾಕ್ಟರು ಹೇಳಿದ್ದಾರೆ.

ಮನೆಯವರನ್ನು ಒಪ್ಪಿಸಿದರೂ ಬಂದು ಹೋಗುವವರನ್ನು ಒಪ್ಪಿಸುವುದು ಕಷ್ಟ. ಕೆಲಸಕ್ಕೆ ಬರುವ ಅಕ್ಕ ಬೆಳ್ಳಿಗೆ ದಿನಾ ತನ್ನ ಟೀ ಜೊತೆಯ ರಸ್ಕ್‌ನಲ್ಲಿ ಅರ್ಧ ಮುರಿದು ಕೊಡುತ್ತಿದ್ದರಂತೆ, ನಮಗೆ ಗೊತ್ತಾಗಿದ್ದೇ ನಾಲ್ಕು ತಿಂಗಳ ಮೇಲೆ. ಬೈಯಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದಾಗ ತೆಗೆದ ಫೋಟೋ ತೋರಿಸಿದೆ. ಅವರಿಗೆ ಕಣ್ಣಲ್ಲಿ ನೀರು ಬಂತು, ಅವತ್ತಿಂದ ಅವರೇ ಕಾವಲು. ಗೇಟಿಗೆ ಒಂದು ಬೋರ್ಡ್ ಹಾಕಿದ್ದೇವೆ: ಬೆಳ್ಳಿಗೆ ಹೊಟ್ಟೆ ಕಾಯಿಲೆ ಇದೆ, ದಯವಿಟ್ಟು ಏನೂ ಕೊಡಬೇಡಿ. ಹಬ್ಬ, ಮದುವೆ ಅಂತ ನೆಂಟರು ತುಂಬಿಕೊಂಡಾಗ ಬೆಳ್ಳಿಯನ್ನು ಮಹಡಿ ಮೇಲಿನ ರೂಮಿನಲ್ಲಿ ಬಿಟ್ಟು ಒಬ್ಬರು ಜೊತೆಗೆ ಇರುತ್ತೇವೆ. ಬಾಡೂಟದ ದಿನ ಕಸದ ಬುಟ್ಟಿಯನ್ನು ಅಟ್ಟದ ಮೇಲೆ ಇಡುತ್ತೇವೆ, ಮಟನ್ ಎಲುಬು ನೆಲದ ಮೇಲೆ ಬೀಳಬಾರದು.

ಈ ಊಟ ಹಾಕಿದರೆ ಮುಗೀತು, ಡಾಕ್ಟರ ಹತ್ತಿರ ಹೋಗಬೇಕಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಪ್ಯಾಂಕ್ರಿಯಾಸ್‌ಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಎರಡು ತೊಂದರೆ ಬರಬಹುದು. ಇನ್ಸುಲಿನ್ ಕಡಿಮೆಯಾಗಿ ಸಕ್ಕರೆ ಕಾಯಿಲೆ ಬರಬಹುದು, ಆಗ ನಾಯಿ ಬಕೆಟ್‌ಗಟ್ಟಲೆ ನೀರು ಕುಡಿಯುತ್ತೆ, ಪದೇ ಪದೇ ಮೂತ್ರ ಮಾಡುತ್ತೆ, ಸೊರಗುತ್ತೆ. ಇಲ್ಲಾಂದರೆ ಊಟ ಕರಗಿಸುವ ರಸವೇ ಸಾಲದೆ ಹೋಗಬಹುದು. ಆಗ ಎಷ್ಟು ತಿಂದರೂ ಹಸಿವು, ಆದರೂ ತೂಕ ಇಳಿಯುತ್ತೆ, ಮಲ ರಾಶಿ ರಾಶಿ, ಬಿಳಚಿಕೊಂಡು ಜಿಡ್ಡಾಗಿ ಬರುತ್ತೆ. ಅದಕ್ಕೆ ಟಿಎಲ್‌ಐ ಅಂತ ಬೇರೆ ಟೆಸ್ಟ್ ಇದೆ, ಬಂದರೆ ಊಟಕ್ಕೆ ಎನ್‌ಜೈಮ್ ಪುಡಿ ಕಲಸಬೇಕು, ಬಿ12 ಕೂಡ ನೋಡಿಸಬೇಕು. ಆ ಕೊರತೆ ಇಲ್ಲದ ನಾಯಿಗೆ ಸುಮ್ನೆ ಎನ್‌ಜೈಮ್ ಮಾತ್ರೆ ಬೇಡ ಅಂದರು ನಮ್ಮ ಡಾಕ್ಟರು. ಪಕ್ಕದ ಮನೆಯವರು ಮೆಡಿಕಲ್‌ನಿಂದ ತಂದೇ ಕೊಟ್ಟಿದ್ದರು, ಪ್ರೀತಿಯಿಂದಲೇ, ಆದರೆ ಹಾಕಲಿಲ್ಲ.

ಹಾಗಾಗಿ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬೆಳ್ಳಿಗೂ ಜಾಗ ಇದೆ. ವಾಂತಿ ಆದರೆ ಕೆಂಪು ಚುಕ್ಕಿ, ಊಟ ಬಿಟ್ಟರೆ ನೀಲಿ ಚುಕ್ಕಿ. ತಿಂಗಳ ಮೊದಲ ಭಾನುವಾರ ತೂಕ. ನಾನು ಅವಳನ್ನು ಎತ್ತಿಕೊಂಡು ನಿಂತು, ಆಮೇಲೆ ಬರೀ ನಾನು ನಿಂತು, ಕಳೆಯುತ್ತೇವೆ. ಆರು ತಿಂಗಳಿಗೊಮ್ಮೆ ಹನ್ನೆರಡು ಗಂಟೆ ಉಪವಾಸ ಇಟ್ಟು ಬೆಳಿಗ್ಗೆಯೇ ರಕ್ತ ಕೊಟ್ಟು ಟ್ರೈಗ್ಲಿಸರೈಡ್, ಸಕ್ಕರೆ ನೋಡಿಸುತ್ತೇವೆ. ಬೆಳ್ಳಿಯ ಟ್ರೈಗ್ಲಿಸರೈಡ್ ಮೊದಲು 380 ಇತ್ತು, ಕಳೆದ ಸಲ 140. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಕಿವಿ ನೋವಿಗೇ ಹೋದರೂ, ಪ್ಯಾಂಕ್ರಿಯಾಟೈಟಿಸ್ ಆಗಿತ್ತು ಅಂತ ಮೊದಲ ಮಾತು ಹೇಳುತ್ತೇನೆ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು ಇಂಥ ನಾಯಿಗಳಿಗೆ ಆಗಿಬರುವುದಿಲ್ಲ, ಗೊತ್ತಿದ್ದರೆ ಅವರು ಬೇರೆ ಕೊಡುತ್ತಾರೆ.

ಒಂದು ಎಚ್ಚರಿಕೆ ಮರೆತೆ. ಲೋ ಫ್ಯಾಟ್ ಒಳ್ಳೆಯದಂತೆ ಅಂತ ಚೆನ್ನಾಗಿರುವ ಮರಿಗೆ, ಬಸುರಿ ಅಥವಾ ಹಾಲೂಡಿಸುವ ನಾಯಿಗೆ ಇದನ್ನು ಹಾಕಬೇಡಿ. ಅವಕ್ಕೆ ಕೊಬ್ಬು ಬೇಕು. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳುವ ಊಟ ಇದು.

ಅಮ್ಮನಿಗೆ ಬೆಳ್ಳಿಗೆ ಕೈಯಾರೆ ಏನಾದ್ರೂ ಕೊಡದೆ ಇರಲು ಆಗುವುದಿಲ್ಲ. ಮೊದಲ ಕೆಲವು ತಿಂಗಳು ಅವರು ಊಟಕ್ಕೆ ಕೂರುವಾಗ ಬೆಳ್ಳಿಯ ಮುಖ ನೋಡುತ್ತಲೇ ಇರಲಿಲ್ಲ. ಅದಕ್ಕೊಂದು ದಾರಿ ಅವರೇ ಕಂಡುಕೊಂಡರು. ಬೆಳಿಗ್ಗೆ 115 ಗ್ರಾಂ ತೂಗಿದ ತಕ್ಷಣ ಅದರಿಂದ ಇಪ್ಪತ್ತು ಕಾಳು ಎಣಿಸಿ, ಅರಿಶಿನ ಕುಂಕುಮದ ಅಳತೆಯ ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಪೂಜೆ ಆದ ಮೇಲೆ ಎರಡು, ಕಾಫಿ ಕುಡಿಯುವಾಗ ಎರಡು, ಟಿವಿ ಮುಂದೆ ಕೂತಾಗ ನಾಲ್ಕು. ಡಬ್ಬಿಯ ಮುಚ್ಚಳ ಟಿಕ್ ಅಂದರೆ ಸಾಕು, ಮಹಡಿ ಮೇಲಿದ್ದರೂ ಬೆಳ್ಳಿ ಇಳಿದು ಓಡಿ ಬರುತ್ತಾಳೆ. ತಟ್ಟೆಯಲ್ಲಿ ಹಾಕಿದಾಗ ಮೂಸಿ ಮೂಸಿ ತಿನ್ನುವ ಅದೇ ಕಾಳನ್ನು ಅಮ್ಮನ ಕೈಯಿಂದ ತಿನ್ನುವಾಗ ಬಾಲ ನಿಲ್ಲುವುದೇ ಇಲ್ಲ. ಕಳೆದ ದೀಪಾವಳಿಗೂ ಅಮ್ಮ ಬೆಣ್ಣೆ ಕಾಯಿಸಿದರು. ಗಸಿ ಹಾಕಿ ಕಲಸಿದ ಅನ್ನವನ್ನು ನನಗೂ ಅಪ್ಪನಿಗೂ ಕೊಟ್ಟು, ಬಾಣಲೆಗೆ ಬಿಸಿ ನೀರು ಹಾಕಿ ತೊಳೆದಿಟ್ಟು, ಸೆರಗಿನಿಂದ ಡಬ್ಬಿ ಬಿಚ್ಚಿ ಬೆಳ್ಳಿಗೆ ಎರಡು ಕಾಳು ಕೊಟ್ಟರು.